ಶಿಕ್ಷಣ ಇಲಾಖೆ ಮುಚ್ಚಿದರೆ ಶಾಲೆಗೂ ಬೀಗವೇ?

ಪ್ರಶ್ನೆ: ಅಮೆರಿಕದ ರಾಜಕಾರಣಿ ರಾನ್ ಪಾಲ್ ಶಿಕ್ಷಣ ಇಲಾಖೆಯನ್ನೇ ರದ್ದು ಮಾಡಿ ಎನ್ನುತ್ತಿದ್ದರು. ಸರ್ಕಾರಿ ಶಾಲೆಗಳೇ ಬೇಡ ಎಂದು ಅದರ ಅರ್ಥವೇ?

ಉತ್ತರ: ಅಲ್ಲ. ಗೊಂದಲ ಹುಟ್ಟುವುದು ‘ಇಲಾಖೆ’ ಎಂಬ ಪದದಿಂದ. ನಮ್ಮ ರಾಜ್ಯದಲ್ಲಿ ಶಿಕ್ಷಣ ಇಲಾಖೆಯೆಂದರೆ ಮೇಷ್ಟರ ನೇಮಕ, ವರ್ಗಾವಣೆ, ಬಿಇಒ ಕಚೇರಿ. ಅಮೆರಿಕದಲ್ಲಿ ಊರಿನ ಶಾಲೆಯನ್ನು ನಡೆಸುವುದು ಸ್ಥಳೀಯ ಶಾಲಾ ಮಂಡಳಿ. ಹಣದ ಬಹುಪಾಲು ರಾಜ್ಯದಿಂದ ಮತ್ತು ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. 1979ರ ಕಾನೂನಿನಿಂದ ಹುಟ್ಟಿದ ಕೇಂದ್ರ ಇಲಾಖೆ ಇಲ್ಲದಿದ್ದರೂ ಆ ಶಾಲೆಗಳ ಬಾಗಿಲು ತೆರೆದೇ ಇರುತ್ತದೆ.

ಟೆಕ್ಸಸ್‌ನ ಸಂಸದರಾಗಿದ್ದ ಪಾಲ್ ವೃತ್ತಿಯಲ್ಲಿ ಹೆರಿಗೆ ವೈದ್ಯರು. ಸರ್ಕಾರ ಆದಷ್ಟು ಚಿಕ್ಕದಾಗಿರಬೇಕೆನ್ನುವ ಲಿಬರ್ಟೇರಿಯನ್ ಪಕ್ಷದಿಂದ 1988ರಲ್ಲಿ ಅಧ್ಯಕ್ಷ ಸ್ಥಾನಕ್ಕೂ ಸ್ಪರ್ಧಿಸಿದ್ದರು. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಎಂಬ ಪದವೇ ಇಲ್ಲ. ಕೇಂದ್ರಕ್ಕೆ ಕೊಡದ ಅಧಿಕಾರವೆಲ್ಲ ರಾಜ್ಯಗಳದ್ದು, ಜನರದ್ದು ಎಂದು ಹತ್ತನೆಯ ತಿದ್ದುಪಡಿ ಹೇಳುತ್ತದೆ. ಅವರ ವಾದ ನಿಂತಿರುವುದು ಇದರ ಮೇಲೆ. 2012ರ ಚುನಾವಣೆಗೆ ಮುಂದಿಟ್ಟ ಯೋಜನೆಯಲ್ಲಿ ಐದು ಇಲಾಖೆಗಳನ್ನು ಮುಚ್ಚುವ ಪ್ರಸ್ತಾಪವಿತ್ತು, ಶಿಕ್ಷಣ ಅವುಗಳಲ್ಲೊಂದು. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವುದರ ಕಡೆಗೆ ಅವರ ಒಲವು ಎಷ್ಟೆಂದರೆ, 2013ರಲ್ಲಿ ತಮ್ಮ ಹೆಸರಿನಲ್ಲೇ ಒಂದು ಪಠ್ಯಕ್ರಮವನ್ನು ಹೊರತಂದರು.

ಒಂದು ವಿಷಯದಲ್ಲಿ ಅವರು ಸರಿ ಎಂದೇ ನನ್ನ ನಂಬಿಕೆ. 2001ರಲ್ಲಿ ಜಾರ್ಜ್ ಬುಷ್ ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿವರ್ಷ ಪರೀಕ್ಷೆ ಕಡ್ಡಾಯ ಮಾಡುವ ಮಸೂದೆ ತಂದಾಗ, ಆಗ ರಿಪಬ್ಲಿಕನ್ ಪಕ್ಷದಲ್ಲಿದ್ದ ಪಾಲ್ ತಮ್ಮದೇ ಪಕ್ಷದವರಾದ ದೇಶದ ಅಧ್ಯಕ್ಷರ ವಿರುದ್ಧ ಮತ ಹಾಕಿದರು. ದೂರದ ರಾಜಧಾನಿಯಲ್ಲಿ ಕುಳಿತು ತರಗತಿಯೊಳಗಿನ ಕಲಿಕೆಯನ್ನು ಅಂಕಗಳಲ್ಲಿ ಅಳೆಯಲು ಹೊರಟರೆ ಪಾಠ ಹಿಂದೆ ಸರಿದು ಪರೀಕ್ಷೆಯ ತಯಾರಿಯೇ ಮುಂದಾಗುತ್ತದೆ.

ಆದರೆ 1975ಕ್ಕೆ ಮುಂಚೆ ಅಂಗವೈಕಲ್ಯವಿರುವ ಸುಮಾರು 10 ಲಕ್ಷ ಮಕ್ಕಳು ಅಮೆರಿಕದ ಸರ್ಕಾರಿ ಶಾಲೆಗಳಿಂದ ಪೂರ್ತಿ ಹೊರಗುಳಿದಿದ್ದರು. ಅವರನ್ನು ಹೊರಗಿಟ್ಟದ್ದು ಪಾಲ್ ನೆಚ್ಚುವ ರಾಜ್ಯಗಳೇ, ಊರಿನ ಮಂಡಳಿಗಳೇ. ಆ ವರ್ಷ ಕೇಂದ್ರದ ಕಾನೂನು ಬಂದ ಮೇಲೆಯೇ, ನೆರವಿನ ಹಣ ಬೇಕೆಂದರೆ ಈ ಮಕ್ಕಳನ್ನೂ ಸೇರಿಸಿಕೊಳ್ಳಲೇಬೇಕಾಯಿತು. ಈ ಕಾನೂನು ಶಿಕ್ಷಣ ಇಲಾಖೆಗಿಂತ ಹಳೆಯದು, ನಿಜ. ಇಲಾಖೆ ಹೋದ ಮಾತ್ರಕ್ಕೆ ಅದು ಹೋಗುವುದಿಲ್ಲ. ಆದರೆ ಶಿಕ್ಷಣದಲ್ಲಿ ಕೇಂದ್ರಕ್ಕೆ ಅಧಿಕಾರವೇ ಇಲ್ಲವೆಂದು ಒಪ್ಪಿದರೆ ಆ ಕಾನೂನಿಗೂ ನೆಲೆ ಉಳಿಯುವುದಿಲ್ಲ.

ಒಂದು ಊರಿನ ಶಾಲೆ ಸರಿಯಿಲ್ಲದಿದ್ದರೆ ಇನ್ನೊಂದು ಊರಿಗೆ ಹೋಗಬಹುದಲ್ಲ ಎನ್ನುವವರಿದ್ದಾರೆ. ಕಿವುಡ ಮಗುವಿನ ಬಡ ತಾಯಿ ಬೇರೊಂದು ರಾಜ್ಯದಲ್ಲಿ ಕೆಲಸ ಹುಡುಕಿ, ಮನೆ ಹುಡುಕಿ, ಶಾಲೆ ಹುಡುಕುವ ಹೊತ್ತಿಗೆ ಆ ಮಗು ಅಕ್ಷರ ಕಲಿಯಬೇಕಿದ್ದ ವರ್ಷಗಳು ಕಳೆದುಹೋಗಿರುತ್ತವೆ.