ಮೈಲು ಹುಟ್ಟಿದ್ದು ಕೋನದಲ್ಲಿ, ಪಾರ್ಸೆಕ್ ಕೂಡ

ಕಾರವಾರದ ಬೈತಖೋಲದಿಂದ ಹೊರಟ ದೋಣಿಯ ಮೂತಿ ಹೆಚ್ಚಾಗಿ ಪಶ್ಚಿಮಕ್ಕೇ. ನಮ್ಮ ಕರಾವಳಿ ಉತ್ತರ-ದಕ್ಷಿಣವಾಗಿ ಚಾಚಿಕೊಂಡಿದೆ, ಆಳದ ನೀರು ಪಶ್ಚಿಮಕ್ಕಿದೆ. ನಾಟಿಕಲ್ ಮೈಲಿನ ಲೆಕ್ಕ ಇಲ್ಲಿ ಎಡವುವುದೂ ಇದೇ ಕಾರಣಕ್ಕೆ.

ನಾಟಿಕಲ್ ಮೈಲು ಎಂದರೆ ಮೂಲದಲ್ಲಿ ಅಕ್ಷಾಂಶದ ಒಂದು ನಿಮಿಷ, ಡಿಗ್ರಿಯ ಅರವತ್ತನೇ ಒಂದು ಪಾಲು. ಭೂಮಿ ಪೂರ್ತಿ ಗುಂಡಗಿಲ್ಲದ್ದರಿಂದ ಈ ನಿಮಿಷ ಸಮಭಾಜಕದ ಬಳಿ 1,843 ಮೀಟರ್, ಧ್ರುವದ ಬಳಿ 1,862 ಮೀಟರ್. ಈ ತಕರಾರೇ ಬೇಡವೆಂದು 1929ರ ಮೊನಾಕೊ ಸಮ್ಮೇಳನ 1,852 ಮೀಟರ್ ಎಂದು ಗೊತ್ತುಮಾಡಿತು. ಕಾರವಾರದ 14 ಡಿಗ್ರಿ 48 ನಿಮಿಷದಲ್ಲಿ ಅಕ್ಷಾಂಶದ ನಿಮಿಷ ಸುಮಾರು 1,844 ಮೀಟರ್. ಆ ಎಂಟು ಮೀಟರಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ರೇಖಾಂಶದ ನಿಮಿಷ ಮಾತ್ರ ಇಲ್ಲಿ ಸುಮಾರು 1,794 ಮೀಟರ್. 12 ನಿಮಿಷ ಪಶ್ಚಿಮಕ್ಕೆ ಹೋಗಿ 12 ಮೈಲು ಎಂದು ಬರೆದುಕೊಂಡರೆ ಸುಮಾರು 700 ಮೀಟರ್ ಖೋತಾ. ಚಾರ್ಟಿನಲ್ಲಿ (ಕಡಲ ನಕ್ಷೆಯಲ್ಲಿ) ಕೈವಾರದಿಂದ ಅಳೆದದ್ದನ್ನು ಎಡ ಅಥವಾ ಬಲ ಅಂಚಿನ ಅಕ್ಷಾಂಶದ ಗೆರೆಗೇ ಹಿಡಿಯಿರಿ, ಅದೂ ನೀವು ಅಳೆದ ಜಾಗದ ನೇರಕ್ಕೆ.

ಜಿಪಿಎಸ್‌ನಲ್ಲಿ ತಪ್ಪು ಬೇರೆ ಬಗೆಯದು. ಸೆಟ್ಟಿಂಗ್ ನೆಲದ ಮೈಲಿನಲ್ಲಿ ಉಳಿದಿದ್ದರೆ 12 ಎಂದು ತೋರಿಸಿದಾಗ ನೀವಿರುವುದು 19.3 ಕಿ.ಮೀ. ದೂರದಲ್ಲಿ, 22.2ರಲ್ಲಿ ಅಲ್ಲ. ಇನ್ನೂ ಕೆಟ್ಟದ್ದು ಚುಕ್ಕಿಯ ಗೊಂದಲ: 14 ಡಿಗ್ರಿ 48 ನಿಮಿಷವನ್ನು 14.48 ಡಿಗ್ರಿ ಎಂದು ಒತ್ತಿದರೆ ಗುರುತು ಸುಮಾರು 35 ಕಿ.ಮೀ. ದಕ್ಷಿಣಕ್ಕೆ ಬೀಳುತ್ತದೆ. ಬಾಯಿಲೆಕ್ಕಕ್ಕೆ, ನಾಟಿಕಲ್ ಮೈಲನ್ನು ಎರಡರಿಂದ ಗುಣಿಸಿ, ಬಂದದ್ದರಲ್ಲಿ ನೂರಕ್ಕೆ ಏಳೂವರೆ ಕಳೆಯಿರಿ, ಕಿ.ಮೀ. ಸಿಗುತ್ತದೆ. ಆಳದ ಫ್ಯಾದಮ್ 1.83 ಮೀಟರ್, ಹೆಚ್ಚುಕಡಿಮೆ ನಮ್ಮ ಮಾರು.

ಆಕಾಶಕ್ಕೆ ದಾರಿ ಮಾಡಿಕೊಡುವುದು ದೀಪಸ್ತಂಭ. ಅದರ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು 1.856ರಿಂದ ಗುಣಿಸಿ, ನೀರಿನ ಅಂಚಿನಿಂದ ದೀಪದವರೆಗೆ ಸೆಕ್ಸ್‌ಟೆಂಟ್ (ಕೋನ ಅಳೆಯುವ ಸಾಧನ) ತೋರಿಸಿದ ಕೋನದ ನಿಮಿಷಗಳಿಂದ ಭಾಗಿಸಿದರೆ ದೂರ ನಾಟಿಕಲ್ ಮೈಲಿನಲ್ಲಿ ಬರುತ್ತದೆ. ನೀರಿನಿಂದ 60 ಮೀಟರ್ ಮೇಲಿನ ದೀಪ, ಕೋನ 40 ನಿಮಿಷ: 2.8 ಮೈಲು. ಕಣ್ಣು ನೀರಿನಿಂದ ಮೂರು ಮೀಟರ್ ಮೇಲಿದ್ದರೆ ದಿಗಂತ ಸುಮಾರು 3.6 ಮೈಲಿಗೆ ಮುಗಿಯುತ್ತದೆ. ಅದರಾಚೆ ಬುಡ ಮುಳುಗಿ, ಕೋನ ಕುಗ್ಗಿ, ದೂರ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಬಂಡೆಯ ಹತ್ತಿರ ಈ ತಪ್ಪು ಅಪಾಯಕಾರಿ.

ಆ 1.856 ಬಂದದ್ದು 3,437.75ನ್ನು 1,852ರಿಂದ ಭಾಗಿಸಿ. ಒಂದು ರೇಡಿಯನ್‌ನಲ್ಲಿ, ಅಂದರೆ ತ್ರಿಜ್ಯದಷ್ಟೇ ಉದ್ದದ ಕಮಾನು ವೃತ್ತದ ಕೇಂದ್ರದಲ್ಲಿ ಮಾಡುವ ಕೋನದಲ್ಲಿ, 3,437.75 ನಿಮಿಷಗಳಿವೆ. ಅದನ್ನೇ 60ರಿಂದ ಗುಣಿಸಿದರೆ 2,06,265 ಸೆಕೆಂಡು, ಮತ್ತು ಒಂದು ಪಾರ್ಸೆಕ್‌ನಲ್ಲಿರುವ ಖಗೋಳಮಾನಗಳೂ (ಒಂದು ಖಗೋಳಮಾನ ಎಂದರೆ ಭೂಮಿ-ಸೂರ್ಯರ ಸರಾಸರಿ ದೂರ) ಅಷ್ಟೇ. ಭೂಮಿ-ಸೂರ್ಯರ ನಡುವಣ ದೂರ ಕೋನದ ಒಂದು ಸೆಕೆಂಡಿನಷ್ಟು ಕಾಣಬೇಕಾದರೆ ಎಷ್ಟು ದೂರ ಹೋಗಬೇಕೋ ಅದೇ ಪಾರ್ಸೆಕ್. ದೀಪಸ್ತಂಭದ ಲೆಕ್ಕವೇ, ಸ್ತಂಭದ ಜಾಗದಲ್ಲಿ ಭೂಕಕ್ಷೆಯ ತ್ರಿಜ್ಯ ನಿಂತಿದೆ.

2012ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಖಗೋಳಮಾನವನ್ನು 149,59,78,70,700 ಮೀಟರ್ ಎಂದು ನಿಗದಿ ಮಾಡಿತು. 1,852ರಿಂದ ಭಾಗಿಸಿದರೆ 8,07,76,388 ನಾಟಿಕಲ್ ಮೈಲು. ಎಂಟು ನಾಟಿನ (ಗಂಟೆಗೆ ಎಂಟು ನಾಟಿಕಲ್ ಮೈಲು) ಟ್ರಾಲರ್‌ಗೆ 1,150 ವರ್ಷದ ದಾರಿ, ಡೀಸೆಲ್ ಲೆಕ್ಕ ಬೇಡ. ಜ್ಯೋತಿರ್ವರ್ಷ 5.108 ಲಕ್ಷ ಕೋಟಿ ಮೈಲು, ಪಾರ್ಸೆಕ್ 16.66 ಲಕ್ಷ ಕೋಟಿ.

ನಾಟಿಕಲ್ ಮೈಲು, ಖಗೋಳಮಾನ ಎರಡೂ ವ್ಯಾಖ್ಯೆಯಿಂದಲೇ ನಿಖರ, ಹಾಗಾಗಿ ಪರಿವರ್ತನೆಯಲ್ಲಿ ಅಳತೆಯ ದೋಷವಿಲ್ಲ. ದೋಷ ನುಸುಳುವುದು ನಮ್ಮ ಸೋಮಾರಿತನದಿಂದ. ಸೂರ್ಯನ ದೂರ 15 ಕೋಟಿ ಕಿ.ಮೀ. ಎಂದು ದುಂಡಾಗಿಸಿದರೆ ತಪ್ಪು ಬರೀ ಕಾಲು ಪ್ರತಿಶತ ಎನಿಸುತ್ತದೆ. ಆದರೆ ಅದು 4,02,129 ಕಿ.ಮೀ., ಚಂದ್ರನ ಸರಾಸರಿ ದೂರವಾದ 3,84,400ಕ್ಕಿಂತ ಹೆಚ್ಚು. ಇಂಗ್ಲಿಷ್ ಪುಸ್ತಕಗಳ 9.3 ಕೋಟಿ ಮೈಲು ನೆಲದ ಮೈಲು. ಅದನ್ನು ನಾಟಿಕಲ್ ಎಂದುಕೊಂಡರೆ ಉತ್ತರ ಶೇಕಡಾ 15ರಷ್ಟು ಉಬ್ಬುತ್ತದೆ. ಯಾವ ಮೈಲು ಎಂದು ಗೊತ್ತಿಲ್ಲದಿದ್ದರೆ ಮೊದಲು ಮೀಟರಿಗೆ ಇಳಿಸಿದ ಮೂಲ ಅಂಕಿ ಹುಡುಕಿ, ಆಮೇಲೆ 1,852ರಿಂದ ಭಾಗಿಸಿ.