ಎರಡು ಸೌರಸ್ಫೋಟ ಸೇರಿದರೆ ಪೆಟ್ಟು ಡಬಲ್ ಆಗುತ್ತಾ?

ಪ್ರಶ್ನೆ: ಸೂರ್ಯನಿಂದ ಒಂದರ ಹಿಂದೆ ಒಂದು ಸ್ಫೋಟ ಹೊರಟು, ಹಿಂದಿನದು ಮುಂದಿನದನ್ನು ದಾರಿಯಲ್ಲೇ ನುಂಗಿದರೆ ಭೂಮಿಗೆ ಎರಡು ಪಟ್ಟು ಹೊಡೆತ ಬೀಳುತ್ತದೆಯೇ?

2024ರ ಮೇ ತಿಂಗಳ ಸೌರಬಿರುಗಾಳಿಯ ನಂತರ ಈ ಪ್ರಶ್ನೆ ಬರುತ್ತಲೇ ಇದೆ. ಎಷ್ಟು ಸಲ ಹೇಳಿದರೂ ‘ಒಂದಕ್ಕೆ ಒಂದು ಸೇರಿದರೆ ಎರಡು’ ಅನ್ನುವ ಲೆಕ್ಕ ಮಾತ್ರ ಜನರ ತಲೆಯಿಂದ ಹೋಗುತ್ತಿಲ್ಲ. ಇವತ್ತು ಅದನ್ನು ಬುಡಸಮೇತ ಕೀಳೋಣ.

ನುಂಗುವುದೇನೋ ನಿಜ. ಸೂರ್ಯ ಉಗುಳುವ ಪ್ಲಾಸ್ಮಾ ಮೋಡಗಳಿಗೆ, ಅಂದರೆ ಸಿಎಂಇಗಳಿಗೆ, ಒಂದೇ ವೇಗ ಇರುವುದಿಲ್ಲ. ಕೆಲವು ಸೆಕೆಂಡಿಗೆ 300 ಕಿ.ಮೀ. ಓಡಿದರೆ, ಕೆಲವು 2,000 ಕಿ.ಮೀ. ದಾಟುತ್ತವೆ. ವೇಗದ್ದು ಹಿಂದೆ ಹೊರಟರೆ ನಿಧಾನದ್ದನ್ನು ಹಿಡಿದೇ ಹಿಡಿಯುತ್ತದೆ. ಆಗ ಮುಂದಿನದರ ವೇಗ ಏರುತ್ತದೆ, ಹಿಂದಿನದರದ್ದು ಇಳಿಯುತ್ತದೆ. ಹೊಸ ಶಕ್ತಿ ಎಲ್ಲಿಂದಲೂ ಬರುವುದಿಲ್ಲ.

ಇನ್ನು ‘ಡಬಲ್ ಹೊಡೆತ’. ಮೋಡದ ತೂಕ ಭೂಮಿಗೆ ಬಡಿಯುತ್ತದೆ ಅಂದುಕೊಳ್ಳುವುದೇ ಮೊದಲ ತಪ್ಪು. ನಮ್ಮ ಹತ್ತಿರ ಬರುವಷ್ಟರಲ್ಲಿ ಅದು ಎಷ್ಟು ತೆಳುವಾಗಿರುತ್ತದೆ ಅಂದರೆ, ಒಂದು ಘನ ಸೆಂಟಿಮೀಟರಿನಲ್ಲಿ ಹತ್ತಾರು ಕಣ ಸಿಕ್ಕರೆ ಹೆಚ್ಚು. ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗಕ್ಕೆ ಒಂದರ ಮುಂದೆ 19 ಸೊನ್ನೆ ಹಾಕಿದರೂ ಸಾಲದಷ್ಟು ಅಣುಗಳಿವೆ! ನಿಜವಾದ ಕೆಲಸ ಮಾಡುವುದು ಮೋಡದೊಳಗಿನ ಕಾಂತಕ್ಷೇತ್ರ, ಅದರಲ್ಲೂ ಅದರ ದಿಕ್ಕು. ಅದು ದಕ್ಷಿಣಕ್ಕೆ ತಿರುಗಿದ್ದರೆ ಭೂಮಿಯ ಕಾಂತಕ್ಷೇತ್ರದ ಜೊತೆ ಬೆಸೆದುಕೊಂಡು ಶಕ್ತಿಯನ್ನು ಒಳಗೆ ಬಿಡುತ್ತದೆ. ಉತ್ತರಕ್ಕಿದ್ದರೆ, ಎರಡಲ್ಲ, ಮೂರು ಮೋಡ ಸೇರಿ ಬಂದರೂ ದೊಡ್ಡ ಬಿರುಗಾಳಿ ಏಳುವುದಿಲ್ಲ. ದಿಕ್ಕು ಕೇಳದೆ ಸುಮ್ನೆ ಸಂಖ್ಯೆ ಕೂಡಿಸಿದರೆ ಏನು ಉಪಯೋಗ?

ಡಿಕ್ಕಿಯಿಂದ ಪೆಟ್ಟು ಹೆಚ್ಚುವುದೂ ಉಂಟು. ಹಿಂದಿನದರ ಆಘಾತ ಅಲೆ ಮುಂದಿನದರ ಒಳಹೊಕ್ಕು ಅಲ್ಲಿನ ದಕ್ಷಿಣಮುಖಿ ಕ್ಷೇತ್ರವನ್ನು ಒತ್ತಿ ಹಿಂಡಿದರೆ, ಅದರ ಬಲ ಜಾಸ್ತಿಯಾಗುತ್ತದೆ. ಆದರೆ ಎರಡರ ಕ್ಷೇತ್ರಗಳು ಎದುರುಬದುರಾಗಿದ್ದರೆ ಕಡಿದುಹೋಗಿ ಮತ್ತೆ ಬೇರೆ ರೀತಿ ಕೂಡಿಕೊಳ್ಳುತ್ತವೆ. 2024ರ ಮೇ ಬಿರುಗಾಳಿಯಲ್ಲಿ ಈ ಕಡಿದು ಕೂಡುವ ಆಟ ಸುಮಾರು 13 ಲಕ್ಷ ಕಿ.ಮೀ. ಹರವಿನಲ್ಲಿ ನಡೆದದ್ದನ್ನು ಸೂರ್ಯನನ್ನು ಗಮನಿಸುವ ನಮ್ಮ ಬಾಹ್ಯಾಕಾಶ ನೌಕೆ ಆದಿತ್ಯ-ಎಲ್1ರ ಅಳತೆಗಳು ತೋರಿಸಿದವು. ಇಂಥದ್ದನ್ನು ನಮ್ಮದೇ ನೌಕೆ ಬಾಹ್ಯಾಕಾಶದಲ್ಲಿ ಕೂತು ಅಳೆಯುತ್ತಿದೆ ಅನ್ನುವುದು ಸಣ್ಣ ಮಾತಲ್ಲ.

ಈ ಮೋಡಗಳು ಒಂದನ್ನೊಂದು ಮುಟ್ಟದೆಯೂ ಸಹಾಯ ಮಾಡುತ್ತವೆ. ಎದುರುಗಾಳಿಯಲ್ಲಿ ಬಸ್ಸಿನ ಹಿಂದೆ ಸೈಕಲ್ ತುಳಿದವರಿಗೆ ಇದು ಗೊತ್ತು. ಮುಂದೆ ಹೋದದ್ದು ಸೌರಗಾಳಿಯನ್ನು ಗುಡಿಸಿಟ್ಟರೆ ಹಿಂದಿನದಕ್ಕೆ ತಡೆಯೇ ಕಡಿಮೆ. 2012ರ ಜುಲೈ 23ರಂದು ಹೀಗೆ ಹೊರಟ ಮೋಡ, ಸೂರ್ಯನಿಂದ ಹೆಚ್ಚುಕಡಿಮೆ ಭೂಮಿಯಷ್ಟೇ ದೂರದಲ್ಲಿದ್ದ ನಾಸಾದ ಸ್ಟೀರಿಯೊ-ಎ ನೌಕೆಯನ್ನು 19 ಗಂಟೆಯೊಳಗೆ ಮುಟ್ಟಿತ್ತು. ಸಾಮಾನ್ಯವಾಗಿ ಇಷ್ಟು ದೂರಕ್ಕೆ ಎರಡು-ಮೂರು ದಿನ ಬೇಕು. ಭೂಮಿ ಆ ದಾರಿಯಲ್ಲಿರಲಿಲ್ಲ.

ಅಂದಹಾಗೆ, ಇಂಥ ಬಿರುಗಾಳಿ ಆಕಾಶದಲ್ಲಿ ಬಣ್ಣದ ಬೆಳಕು, ಅಂದರೆ ಧ್ರುವಪ್ರಭೆ, ಎಬ್ಬಿಸುತ್ತದೆ. 2024ರ ಆ ಮೇ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಹಸಿರಾಗದೆ ಕೆಂಪೇ ಯಾಕಾಯಿತು, ಯೋಚಿಸಿದ್ದೀರಾ? ಹಸಿರು ಬೆಳಕು ಹುಟ್ಟುವುದು ಸುಮಾರು 100 ಕಿ.ಮೀ. ಎತ್ತರದಲ್ಲಿ. ಕೆಂಪು ಹುಟ್ಟುವುದು 200 ಕಿ.ಮೀ.ಗೂ ಮೇಲೆ. ಎರಡೂ ಆಮ್ಲಜನಕದ್ದೇ. ಬೆಳಕು ಉತ್ತರದಲ್ಲಿ ತುಂಬಾ ದೂರ ಇದ್ದಾಗ ಕೆಳಗಿನ ಹಸಿರು ದಿಗಂತದಾಚೆ ಮರೆಯಾಗುತ್ತದೆ. ಲಡಾಖಿಗೆ ಕಾಣುವುದು ಅದರ ತುದಿ ಮಾತ್ರ.