ರಾಣಿ ‘ಕೇಕ್ ತಿನ್ನಲಿ’ ಅಂದಿದ್ದಕ್ಕೇ ಫ್ರಾನ್ಸ್‌ನಲ್ಲಿ ಕ್ರಾಂತಿ ಆಯ್ತಾ?

ಪ್ರಶ್ನೆ: ಸರ್, ಫ್ರಾನ್ಸ್‌ನಲ್ಲಿ ಜನ ತಿನ್ನೋಕೆ ಬ್ರೆಡ್ ಇಲ್ಲ ಅಂತ ಗೋಳಾಡಿದಾಗ ರಾಣಿ ಮೇರಿ ಆಂಟೊನೆಟ್ ‘ಹಾಗಾದರೆ ಕೇಕ್ ತಿನ್ನಲಿ’ ಅಂದಳಂತೆ. ಅದಕ್ಕೇ ಜನ ರೊಚ್ಚಿಗೆದ್ದು 1789ರಲ್ಲಿ ಕ್ರಾಂತಿ ಆಯ್ತು ಅಲ್ವಾ?

ಅಲ್ಲ.

ಈ ‘ಅಲ್ಲ’ವನ್ನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೋ ನನಗೇ ಮರೆತುಹೋಗಿದೆ. ಉತ್ತರಪತ್ರಿಕೆಗಳ ಪ್ರತಿ ಕಟ್ಟಿನಲ್ಲೂ ಈ ಕೇಕ್ ಇದ್ದೇ ಇರುತ್ತದೆ. ಒಬ್ಬ ಹುಡುಗನಂತೂ ಮೇಣದಬತ್ತಿ ಸಮೇತ ಕೇಕಿನ ಚಿತ್ರ ಬಿಡಿಸಿ, ಕೆಳಗೆ ‘ಕಾರಣ 1’ ಅಂತ ಬರೆದಿದ್ದ. ಚಿತ್ರ ಚೆನ್ನಾಗಿತ್ತು, ಅರ್ಧ ಅಂಕ ಕೊಟ್ಟೆ.

ಮೊದಲನೆಯದಾಗಿ, ಆ ಕೇಕ್ ಕೇಕೇ ಅಲ್ಲ. ಫ್ರೆಂಚ್‌ನಲ್ಲಿರುವ ಪದ ಬ್ರಿಯೋಶ್. ಬೆಣ್ಣೆ, ಮೊಟ್ಟೆ ಜಾಸ್ತಿ ಹಾಕಿ, ಹಿಟ್ಟು ಉಬ್ಬಿಸಿ ಬೇಯಿಸಿದ ಮೆತ್ತನೆಯ ಬ್ರೆಡ್. ನಮ್ಮ ಬೇಕರಿಯ ಬೆಣ್ಣೆ ಬನ್ನಿಗೆ ದೂರದ ನೆಂಟ ಅಂದುಕೊಳ್ಳಿ.

ಇನ್ನು ಈ ಮಾತು ಎಲ್ಲಿಂದ ಬಂತು? ತತ್ವಜ್ಞಾನಿ ರೂಸೋನ ಆತ್ಮಕಥೆಯಿಂದ. ಅಲ್ಲಿನ ಸಂದರ್ಭ ನನಗೆ ತುಂಬಾ ಇಷ್ಟ. 1740ರ ಸುಮಾರಿಗೆ ಆತ ಲಿಯಾನ್ ಊರಿನ ದೊಡ್ಡ ಮನೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದ. ಆ ಮನೆಯ ವೈನನ್ನು ಕದ್ದು ತನ್ನ ಕೋಣೆಗೆ ತಂದಿಟ್ಟುಕೊಳ್ಳುತ್ತಿದ್ದ. ಬರೀ ವೈನ್ ಗಂಟಲಿಗಿಳಿಯದು, ಜೊತೆಗೆ ಬ್ರೆಡ್ ಬೇಕು. ಆದರೆ ಸೊಂಟಕ್ಕೆ ಕತ್ತಿ ಸಿಗಿಸಿಕೊಂಡ ದೊಡ್ಡ ಮನುಷ್ಯ ಅಂಗಡಿಗೆ ಹೋಗಿ ‘ಒಂದು ಬ್ರೆಡ್ ಕೊಡಿ’ ಅನ್ನುವುದು ಹೇಗೆ? ನಾಚಿಕೆ. ಆಗ ಅವನಿಗೆ ಯಾರೋ ಒಬ್ಬ ‘ದೊಡ್ಡ ರಾಜಕುಮಾರಿ’ಯ ಮಾತು ನೆನಪಾಯಿತಂತೆ. ರೈತರ ಹತ್ತಿರ ಬ್ರೆಡ್ ಇಲ್ಲ ಅಂದಾಗ ಅವಳು ‘ಬ್ರಿಯೋಶ್ ತಿನ್ನಲಿ’ ಅಂದಿದ್ದಳಂತೆ. ಸರಿ, ಇವನೂ ಬ್ರಿಯೋಶ್ ಕೊಂಡ.

ಈಗ ಲೆಕ್ಕ ಹಾಕಿ. ಮೇರಿ ಆಂಟೊನೆಟ್ ಹುಟ್ಟಿದ್ದು 1755ರಲ್ಲಿ, ವಿಯೆನ್ನಾದಲ್ಲಿ. ರೂಸೋ ಈ ಭಾಗ ಬರೆದದ್ದು 1760ರ ದಶಕದ ನಡುವೆ. ಆಗ ಅವಳು ಹತ್ತು ವರ್ಷದ ಆಸುಪಾಸಿನ ಹುಡುಗಿ. ಫ್ರಾನ್ಸ್‌ಗೆ ಮದುವೆಯಾಗಿ ಬಂದದ್ದು 1770ರಲ್ಲಿ. ರೂಸೋ ಹೆಸರನ್ನೂ ಹೇಳಿಲ್ಲ. ಹೆಸರು ಸೇರಿಸಿದವರು ಆಮೇಲಿನವರು.

ಇದು ಊರೂರು ಸುತ್ತುವ ಕಥೆ, ಹಾಗೆ ನೋಡಿದರೆ. ಚೀನಾದಲ್ಲಿ ಜಿನ್ ವಂಶದ ಹುಯ್ ಅನ್ನೋ ಚಕ್ರವರ್ತಿ ಇದ್ದ. 290ರಿಂದ 307ರವರೆಗೆ ಆಳಿದವನು. ಜನ ಅಕ್ಕಿಯಿಲ್ಲದೆ ಸಾಯುತ್ತಿದ್ದಾರೆ ಅಂದಾಗ ಅವನು ‘ಮಾಂಸದ ಗಂಜಿ ಕುಡಿಯಬಹುದಲ್ಲ?’ ಅಂದನಂತೆ. ಆಂಟೊನೆಟ್‌ಳ ಮೈದುನನೇ, ಮುಂದೆ ಹದಿನೆಂಟನೇ ಲೂಯಿ ಆದವನು, ಇಂಥದ್ದೇ ಒಂದು ಮಾತನ್ನು ನೂರು ವರ್ಷ ಹಿಂದಿನ ಬೇರೊಬ್ಬ ರಾಣಿಯ ತಲೆಗೆ ಕಟ್ಟಿದ್ದಾನೆ. ಅಲ್ಲಿ ಬ್ರಿಯೋಶ್ ಬದಲು ಮಾಂಸದ ಕಡುಬಿನ ಹೊರಪದರ, ಅಷ್ಟೇ ವ್ಯತ್ಯಾಸ.

‘ಅಂದರೆ ರಾಣಿ ಒಳ್ಳೆಯವಳಾ ಸರ್?’ ಅಂತ ಮುಂದಿನ ಬೆಂಚಿನಿಂದ ತಕ್ಷಣ ಬರುತ್ತದೆ. ನಾನು ಹಾಗೆ ಹೇಳಿಲ್ಲ. ಬಟ್ಟೆ, ಒಡವೆ, ಜೂಜು ಅಂತ ನೀರಿನಂತೆ ದುಡ್ಡು ಚೆಲ್ಲಿದಳು. ಜನ ಅವಳನ್ನು ‘ಮೇಡಂ ಕೊರತೆ’ ಅಂತ ಕರೆಯುತ್ತಿದ್ದರು. 1793ರ ವಿಚಾರಣೆಯಲ್ಲಿ ಅವಳ ಮೇಲೆ ಹೊರಿಸಿದ ಕೆಲವು ಆರೋಪಗಳನ್ನು ಇಲ್ಲಿ ಬರೆಯಲಿಕ್ಕೂ ಆಗದು, ಅಷ್ಟು ಹೊಲಸು. ಅಷ್ಟು ದ್ವೇಷವಿದ್ದ ಆ ಪಟ್ಟಿಯಲ್ಲೂ ಬ್ರಿಯೋಶ್ ಇಲ್ಲ.

ಹಾಗಾದರೆ ಕಾರಣ? ಸಾಲ. 1788ರಲ್ಲಿ ಫ್ರಾನ್ಸ್ ಸರ್ಕಾರ ಖರ್ಚು ಮಾಡಿದ ಪ್ರತಿ 100 ಲಿವ್ರ್‌ನಲ್ಲಿ (ಆಗಿನ ಫ್ರೆಂಚ್ ಹಣ) ಸುಮಾರು 50 ಸಾಲಕ್ಕೇ ಹೋಗುತ್ತಿತ್ತು. ಸೈನ್ಯಕ್ಕೆ 26. ಇಡೀ ಅರಮನೆಗೆ 6. ರಾಣಿ ಹರಕು ಸೀರೆ ಉಟ್ಟಿದ್ದರೂ ಆ ತೂತು ಮುಚ್ಚುತ್ತಿರಲಿಲ್ಲ. ಇಂಗ್ಲೆಂಡಿನ ಮೇಲಿನ ಸಿಟ್ಟಿಗೆ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಕೈಹಾಕಿ, ಸಾಲ ತಂದು ನೂರು ಕೋಟಿ ಲಿವ್ರ್‌ಗೂ ಜಾಸ್ತಿ ಸುರಿದಿದ್ದರು. ತರುವಾಗ ಹಾಲೋಗರ, ತೀರಿಸುವಾಗ ಗೊತ್ತಾಗುತ್ತದೆ. ತೆರಿಗೆ ಹೆಚ್ಚಿಸೋಣ ಅಂದರೆ ಭೂಮಿ ಜಾಸ್ತಿ ಇದ್ದ ಕುಲೀನರಿಗೂ ಪಾದ್ರಿಗಳಿಗೂ ವಿನಾಯಿತಿ. ಎಲ್ಲರ ಭೂಮಿಗೂ ತೆರಿಗೆ ಹಾಕುವ ಯೋಜನೆಯನ್ನು 1787ರಲ್ಲಿ ಮಂತ್ರಿ ಕಲೋನ್ ಇಟ್ಟ. ದೊಡ್ಡವರ ಸಭೆ ಒಪ್ಪಲಿಲ್ಲ, ಅವನ ಕುರ್ಚಿಯೇ ಹೋಯಿತು.

ಹಸಿವು ಲೆಕ್ಕಕ್ಕಿಲ್ಲ ಅಂತಲ್ಲ. 1788ರ ಜುಲೈ 13ರಂದು ಆಲಿಕಲ್ಲು ಮಳೆ ಬಿದ್ದು ಪೈರು ನೆಲಕಚ್ಚಿತು. ಆ ಚಳಿಗಾಲದಲ್ಲಿ ಸೀನ್ ನದಿಯೇ ಹೆಪ್ಪುಗಟ್ಟಿತು. 1789ರ ಫೆಬ್ರವರಿಗೆ ಪ್ಯಾರಿಸ್‌ನಲ್ಲಿ ಸುಮಾರು ಎರಡು ಕೆಜಿಯ ಬ್ರೆಡ್ಡಿಗೆ ಹದಿನಾಲ್ಕೂವರೆ ಸೂ (ಅಲ್ಲಿನ ಚಿಲ್ಲರೆ ಕಾಸು). ಕೂಲಿಯವನ ದಿನದ ದುಡಿಮೆ 20ರಿಂದ 30 ಸೂ. ಅರ್ಧ ಕೂಲಿ ಒಂದೇ ಬ್ರೆಡ್ಡಿಗೆ ಸರಿಹೋದರೆ ಸೌದೆ, ಬಾಡಿಗೆ ಎಲ್ಲಿಂದ ಬರಬೇಕು? ಅಕ್ಟೋಬರ್ 5ರಂದು ಮಳೆಯಲ್ಲೇ ರಾಜನ ಅರಮನೆಯಿದ್ದ ವರ್ಸೇಲ್ಸ್‌ಗೆ ನಡೆದ ಸಂತೆಯ ಹೆಂಗಸರು ಮರುದಿನ ರಾಜನ ಸಂಸಾರವನ್ನು ಪ್ಯಾರಿಸ್‌ಗೆ ಕರೆತಂದರು. ರಾಜ, ರಾಣಿ, ಮಗನಿಗೆ ಅವರಿಟ್ಟ ಹೆಸರು ‘ಬ್ರೆಡ್ಡಿನವನು, ಅವನ ಹೆಂಡತಿ, ಅವನ ಹುಡುಗ’. ಇವರು ಊರಲ್ಲಿದ್ದರೆ ಬ್ರೆಡ್ ಸಿಗುತ್ತದೆ ಅನ್ನೋ ನಂಬಿಕೆ.

ಆದರೆ 1775ರಲ್ಲೂ ಬ್ರೆಡ್ ದುಬಾರಿಯಾಗಿ ಹಿಟ್ಟಿನ ಗಾಡಿಗಳ ಲೂಟಿ ನಡೆದಿತ್ತು. ಸೈನ್ಯ ಬಂತು, ಕೆಲವೇ ವಾರದಲ್ಲಿ ಎಲ್ಲ ತಣ್ಣಗಾಯಿತು. 1789ರಲ್ಲಿ ಹೊಟ್ಟೆಯ ಜೊತೆ ಖಜಾನೆಯೂ ಖಾಲಿ. ಬೇರೆ ದಾರಿ ಕಾಣದೆ ರಾಜ 1614ರ ನಂತರ ಸೇರದೇ ಇದ್ದ ಮಹಾಸಭೆಯನ್ನು, ಅಂದರೆ ಪಾದ್ರಿಗಳು, ಕುಲೀನರು, ಸಾಮಾನ್ಯರು ಮೂವರ ಪ್ರತಿನಿಧಿಗಳೂ ಸೇರುವ ಸಭೆಯನ್ನು, ಕರೆದ. ನಿಮ್ಮ ಕಷ್ಟ ಬರೆದು ಕಳಿಸಿ ಅಂತ ಹಳ್ಳಿಹಳ್ಳಿಗೂ ಹೇಳಿದ. ಜನ ಬರೆದರು. ಬರೆದಮೇಲೆ ಸುಮ್ನೆ ಕೂರುತ್ತಾರಾ?

ಯಾರೂ ಕೇಳದ ಇನ್ನೊಂದು ಪ್ರಶ್ನೆ: ಟಿಪ್ಪುವಿಗೆ ಆಗ ಫ್ರೆಂಚ್ ಸೈನ್ಯ ಯಾಕೆ ಬರಲಿಲ್ಲ? ಇಂಗ್ಲಿಷರ ವಿರುದ್ಧ ಸಹಾಯ ಕೇಳಲು ಟಿಪ್ಪು ಕಳಿಸಿದ ಮಹಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮದ್ ಉಸ್ಮಾನ್ ಖಾನ್ ಪಾಂಡಿಚೇರಿಯಲ್ಲಿ ಹಡಗು ಹತ್ತಿ 1788ರ ಜೂನ್‌ನಲ್ಲಿ ಫ್ರಾನ್ಸಿನ ತುಲೋನ್ ಬಂದರಿನಲ್ಲಿ ಇಳಿದರು. ಪ್ಯಾರಿಸ್ ಜನ ಅವರನ್ನು ಮುಗಿಬಿದ್ದು ನೋಡಿದರು. ಆಗಸ್ಟ್ 10ರಂದು ವರ್ಸೇಲ್ಸ್‌ನಲ್ಲಿ ರಾಜ ಹದಿನಾರನೇ ಲೂಯಿ ಭರ್ಜರಿ ದರ್ಬಾರು ನಡೆಸಿ ಬರಮಾಡಿಕೊಂಡ. ಮೇಲೆಲ್ಲ ಥಳುಕು. ಮಹಾಸಭೆಯ ದಿನ ಗೊತ್ತುಮಾಡಿ ಆಗಿನ್ನೂ ಎರಡೇ ದಿನ. ಇನ್ನಾರು ದಿನಕ್ಕೆ, ಆಗಸ್ಟ್ 16ರಂದು, ಸಾಲ ಕೊಟ್ಟವರಿಗೆ ಪೂರ್ತಿ ನಗದು ಕೊಡಲು ಆಗುವುದಿಲ್ಲ ಅಂತ ಖಜಾನೆಯೇ ಕೈಚೆಲ್ಲಿತು. ರಾಯಭಾರಿಗಳು ಸೆವ್ರ್ ಪಿಂಗಾಣಿ, ಒಂದಿಷ್ಟು ಬೀಜ, ಕೆಲವು ಕುಶಲಕರ್ಮಿಗಳ ಜೊತೆ ಶ್ರೀರಂಗಪಟ್ಟಣಕ್ಕೆ ಮರಳಿದರು.